ಡಂಡಿಯಲ್ಲಿ ಮನೆ: ಬ್ರಾಟಿ ಫೆರಿಯೋ, ಲಾಕಿಯೋ?

ಸ್ಕಾಟ್ಲೆಂಡಿನ ಡಂಡಿಗೆ ಓದಲು ಅಥವಾ ದುಡಿಯಲು ಹೊರಟವರಿಗೆ ಈ ಎರಡು ಬಡಾವಣೆಗಳ ನಡುವೆ ಆಯ್ಕೆ ಸುಲಭವಲ್ಲ. ಎರಡನ್ನೂ ಬೆಳೆಸಿದ್ದು ಬಂಗಾಳದಿಂದ ಹಡಗೇರಿ ಬಂದ ಸೆಣಬು.

ಲಾಕಿ ಕಾರ್ಮಿಕರ ನೆಲೆ. ಇಲ್ಲಿನ ಕ್ಯಾಂಪರ್‌ಡೌನ್ ಗಿರಣಿ ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡ ಸೆಣಬಿನ ಕಾರ್ಖಾನೆ. ಐರ್ಲೆಂಡಿನಿಂದ ವಲಸೆ ಬಂದವರು, ಅದರಲ್ಲೂ ಹೆಂಗಸರು, ಅಲ್ಲಿ ದುಡಿದರು. 1981ರಲ್ಲಿ ಅದು ಮುಚ್ಚಿತು. 86 ಮೀಟರ್ ಎತ್ತರದ ಅದರ ಚಿಮಣಿ ಇಂದಿಗೂ ನಿಂತಿದೆ, ಸುತ್ತ ಮನೆಗಳೆದ್ದಿವೆ. ಬ್ರಾಟಿ ಫೆರಿ ಮೊದಲು ಮೀನುಗಾರರ ಹಳ್ಳಿ. ಆಮೇಲೆ ಗಿರಣಿ ಮಾಲೀಕರು ಹೊಗೆಯಿಂದ ದೂರವಿರಲು ಇಲ್ಲಿ ಬಂಗಲೆ ಕಟ್ಟಿದರು. 1913ರಲ್ಲಿ ಅದು ಡಂಡಿಗೆ ಸೇರಿತು.

ಖರ್ಚಿನಲ್ಲಿ ಲಾಕಿ ಸಾಮಾನ್ಯವಾಗಿ ಹಗುರ. ನೈನ್‌ವೆಲ್ಸ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕ ದಾದಿಯರಿಗೆ, ವೈದ್ಯರಿಗೆ ನಾನು ಲಾಕಿಯನ್ನೇ ಹೇಳುತ್ತೇನೆ, ಅಷ್ಟು ಹತ್ತಿರ. ಗ್ರಂಥಾಲಯ, ಈಜುಕೊಳ ಇವೆ; ವಿಶಾಲವಾದ ಕ್ಯಾಂಪರ್‌ಡೌನ್ ಉದ್ಯಾನವೂ ದೂರವಲ್ಲ. ಆದರೆ ರೈಲು ನಿಲ್ದಾಣವಿಲ್ಲ, ಬಸ್ಸನ್ನೇ ನಂಬಬೇಕು.

ಬ್ರಾಟಿ ಫೆರಿಗೆ ರೈಲು ನಿಲ್ದಾಣವಿದೆ, ಮರಳ ತೀರವಿದೆ, 15ನೆಯ ಶತಮಾನದ ಕೋಟೆಯಲ್ಲಿ ಉಚಿತ ವಸ್ತುಸಂಗ್ರಹಾಲಯವಿದೆ. ಮಕ್ಕಳಿರುವ, ಬಾಡಿಗೆ ಭರಿಸಬಲ್ಲ ಕುಟುಂಬಕ್ಕೆ ಅದು ಹಿಡಿಸುತ್ತದೆ. ಒಬ್ಬರೇ ಬರುವ ವಿದ್ಯಾರ್ಥಿಗೆ ನಗರ ಕೇಂದ್ರದಿಂದ ಅದು ತುಸು ದೂರವೇ. ರೈಲನ್ನು ನಂಬಿ ಮನೆ ಹಿಡಿಯುವವರು ಮೊದಲು ವೇಳಾಪಟ್ಟಿ ನೋಡಲಿ. ಡಂಡಿ ದಾಟುವ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ.