ಬೀಗದ ಕೈ ಕೈಕೊಟ್ಟ ಕಥೆ: ‘ಹೆಚ್ಚು ಕಡಿಮೆ ಇದೇ’ ಅನ್ನುವ ಬ್ಲ್ಯಾಂಕ್ ಬೇಡ

ಮೊನ್ನೆ ನನ್ನದೇ ಬೀಗವನ್ನು ನಾನೇ ನಿಂತು ಕತ್ತರಿಸಿದೆ. ಕಿಡಿ ಹಾರುತ್ತಿತ್ತು, ಗ್ರೈಂಡರ್ ಸದ್ದಿಗೆ ಕಿವಿ ಗುಂಯ್ ಅನ್ನುತ್ತಿತ್ತು. ದೂರದಿಂದ ನೋಡಿದವರು ಹಗಲು ಕಳ್ಳ ಅಂದುಕೊಂಡರೂ ಆಶ್ಚರ್ಯವಿರಲಿಲ್ಲ. ಆ ಬೀಗದ್ದೇನೂ ತಪ್ಪಿರಲಿಲ್ಲ. ತಪ್ಪೆಲ್ಲ ಒಂದು ಡೂಪ್ಲಿಕೇಟ್ ಕೀಯದ್ದು, ಅದನ್ನು ಹೂಂ ಅಂತ ಜೇಬಿಗೆ ಹಾಕಿಕೊಂಡು ಬಂದ ನನ್ನದು. ಬೀಗಕ್ಕೆ ಇನ್ನೊಂದು ಕೀ ಮಾಡಿಸುವ ಯೋಚನೆ ಇದ್ದವರು ಇದನ್ನೊಮ್ಮೆ ಓದಿ.

ಸಾಮಾನು ಇಡುವ ಕೋಣೆಗೆ ಹಾಕಿದ್ದ ಹಿತ್ತಾಳೆ ಬೀಗ ಅದು. ಒಳಗೆ ಐದು ಪಿನ್. ಕೊಂಡಾಗ ಎರಡು ಕೀ ಬಂದಿದ್ದವು. ಒಂದು ಯಾವಾಗಲೋ ಕಳೆದುಹೋಯಿತು. ಇನ್ನೊಂದನ್ನು ಒಂಬತ್ತು ವರ್ಷ ದಿನಾ ಬಳಸಿದೆ. ಇದೂ ಹೋದರೆ ಕಷ್ಟ ಅನ್ನಿಸಿ ಡೂಪ್ಲಿಕೇಟ್ ಮಾಡಿಸಲು ಹೋದೆ. ಬೀಗ ಭಾರ ಅಂತ ಕೀ ಮಾತ್ರ ಒಯ್ದಿದ್ದೆ. ಮೊದಲ ತಪ್ಪು ಅಲ್ಲೇ ಆಯಿತು.

ಕೀ ಮಾಡುವವರು ನನ್ನ ಕೀಯನ್ನು ಒಮ್ಮೆ ನೋಡಿ, ಗೋಡೆಯಲ್ಲಿ ಸಾಲಾಗಿ ನೇತುಹಾಕಿದ್ದ ಬ್ಲ್ಯಾಂಕ್‌ಗಳಿಂದ ಒಂದನ್ನು ತೆಗೆದರು. ಬ್ಲ್ಯಾಂಕ್ ಅಂದರೆ ಇನ್ನೂ ಹಲ್ಲು ಕೊರೆಯದ ಕೀ. ಎರಡನ್ನೂ ಬೆನ್ನಿಗೆ ಬೆನ್ನು ಹಿಡಿದು ತೋರಿಸಿ, ‘ಹೆಚ್ಚು ಕಡಿಮೆ ಇದೇ’ ಅಂದರು. ಪಕ್ಕದಿಂದ ನೋಡಿದರೆ ಒಂದೇ ಥರ ಕಾಣುತ್ತಿದ್ದವು. ಆದರೆ ಕೀಯ ಗುರುತು ಪಕ್ಕದಿಂದ ಸಿಗುವುದಿಲ್ಲ. ತುದಿಯನ್ನು ಕಣ್ಣಿಗೆ ನೇರ ಹಿಡಿದು ನೋಡಬೇಕು. ಆಗ ಎರಡು ಬದಿಯ ಉದ್ದನೆಯ ಗೀರುಗಳು ಸೇರಿ ಒಂದು ವಕ್ರ ಅಕ್ಷರದ ಹಾಗೆ ಕಾಣುತ್ತವೆ. ಬೀಗದ ಬಾಯಿಯೂ ಅದೇ ಆಕಾರದಲ್ಲಿರಬೇಕು. ನಾನು ಅದನ್ನು ನೋಡಲಿಲ್ಲ. ನೋಡಬೇಕು ಅಂತಲೇ ಗೊತ್ತಿರಲಿಲ್ಲ.

ಹೊಸ ಕೀ ಬೀಗದೊಳಗೆ ಪೂರ್ತಿ ಹೋಗಲಿಲ್ಲ. ಮರುದಿನ ಬೀಗವನ್ನೂ ಎತ್ತಿಕೊಂಡು ಹೋದೆ. ಅವರು ಕೀಯ ಬದಿಗೆ ನಾಲ್ಕು ಸಲ ಅರ ಉಜ್ಜಿದರು. ಹೋಯಿತು. ತಿರುಗಿತು ಕೂಡ! ಖುಷಿಯಿಂದ ಮನೆಗೆ ಬಂದೆ. ಈಗ ಅನ್ನಿಸುತ್ತದೆ, ಹಲ್ಲಿಗೆ ಅಲ್ಲದೆ ಬದಿಗೆ ಅರ ಹಾಕಿದ ಕ್ಷಣವೇ ಎದ್ದು ಬರಬೇಕಿತ್ತು. ಬದಿ ಉಜ್ಜಬೇಕಾಯಿತು ಅಂದರೆ ಬ್ಲ್ಯಾಂಕೇ ಬೇರೆ ಜಾತಿಯದು ಅಂತ ಅರ್ಥ. ಉಜ್ಜಿದಷ್ಟೂ ಕೀ ತೆಳುವಾಗುತ್ತದೆ, ಆಳದ ಕಚ್ಚು, ಅಂದರೆ ಹಲ್ಲುಗಳ ನಡುವೆ ಕೊರೆದ ತಗ್ಗು, ಇರುವ ಕಡೆ ಇನ್ನಷ್ಟು ಬಡಕಲಾಗುತ್ತದೆ.

ಇದರ ತದ್ವಿರುದ್ಧವೂ ಅಷ್ಟೇ ಕೆಟ್ಟದ್ದು. ಸ್ವಲ್ಪ ತೆಳ್ಳಗಿನ ಬ್ಲ್ಯಾಂಕ್ ಹಲವು ಬೀಗಗಳಿಗೆ ಸರಾಗವಾಗಿ ಹೋಗುತ್ತದೆ. ಆದರೆ ಒಳಗೆ ಗಟ್ಟಿಯಾಗಿ ಕೂರದೆ ಓಲಾಡುತ್ತದೆ. ಒಂದು ಸಲ ತೆರೆಯುತ್ತದೆ, ಇನ್ನೊಂದು ಸಲ ಇಲ್ಲ.

ಓಲಾಡಿದರೆ ಏನಾಯಿತು ಅನ್ನುವಿರಾ? ಈ ಬಗೆಯ ಬೀಗದ ಒಳಗೆ ಕೀ ತೂರುವ ಒಂದು ಉರುಳೆ ಇರುತ್ತದೆ. ಅದರ ಮೇಲೆ ಸಾಲಾಗಿ ಪಿನ್‌ಗಳು, ಪ್ರತಿಯೊಂದೂ ಎರಡು ತುಂಡು, ಮೇಲೊಂದು ಸ್ಪ್ರಿಂಗ್. ಸರಿಯಾದ ಕೀ ಹೋದಾಗ ಎಲ್ಲ ಪಿನ್‌ಗಳ ಎರಡು ತುಂಡು ಸೇರುವ ಜಾಗ ಉರುಳೆಯ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಆಗ ಮಾತ್ರ ಉರುಳೆ ತಿರುಗುತ್ತದೆ. 1860ರ ದಶಕದಲ್ಲಿ ಲೈನಸ್ ಯೇಲ್ ಜೂನಿಯರ್ ಸಣ್ಣ ಚಪ್ಪಟೆ ಕೀ ಇಟ್ಟು ರೂಪಿಸಿದ ಉಪಾಯವೇ ಇವತ್ತಿಗೂ ನಡೆಯುತ್ತಿದೆ. ಹಲವು ಬೀಗಗಳಲ್ಲಿ ಒಂದು ಆಳದ ಕಚ್ಚಿಗೂ ಅದಕ್ಕಿಂತ ಒಂದು ಹಂತ ಆಳದ ಕಚ್ಚಿಗೂ ಇರುವ ವ್ಯತ್ಯಾಸ ಸುಮಾರು 0.4 ಮಿಲಿಮೀಟರ್, ಕೆಲವದರಲ್ಲಿ 0.6. ಸಾಮಾನ್ಯ ಕಾಗದದ ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ನಾಲ್ಕು ಹಾಳೆ ಒಟ್ಟಿಗೆ ಹಿಡಿದು ನೋಡಿ. ಅಷ್ಟು ಆಚೀಚೆ ಆದರೆ ಅದು ಬೇರೆಯೇ ಬೀಗದ ಕೀ!

ಇನ್ನು ನನ್ನ ಹಳೆಯ ಕೀಯ ಸ್ಥಿತಿ ಕೇಳಿ. ಒಂಬತ್ತು ವರ್ಷ ತಿಕ್ಕಾಡಿ ಅದರ ಹಲ್ಲು ಸವೆದಿತ್ತು. ಡೂಪ್ಲಿಕೇಟ್ ಯಂತ್ರದ ಒಂದು ಬದಿಯಲ್ಲಿ ಹಳೆಯ ಕೀಯ ಮೇಲೆ ಒಂದು ಮೊನೆ ಸರಿಯುತ್ತದೆ, ಇನ್ನೊಂದು ಬದಿಯಲ್ಲಿ ಕೊರೆಯುವ ಚಕ್ರ ಬ್ಲ್ಯಾಂಕಿನ ಮೇಲೆ ಅದೇ ಏರಿಳಿತ ಮೂಡಿಸುತ್ತದೆ. ಯಂತ್ರಕ್ಕೆ ಬುದ್ಧಿ ಎಲ್ಲಿಂದ ಬರಬೇಕು? ಸವೆತವನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ. ಅದರ ಮೇಲೆ ಯಂತ್ರದ್ದೇ ಒಂದಿಷ್ಟು ತಪ್ಪು ಸೇರುತ್ತದೆ. ಆ ನಕಲಿನಿಂದ ಇನ್ನೊಂದು ನಕಲು ಮಾಡಿಸಿದರಂತೂ ಮುಗಿಯಿತು.

ಬ್ಲ್ಯಾಂಕಿನ ಭುಜವೂ ಸರಿ ಇರಲಿಲ್ಲ. ತಲೆಯ ಕೆಳಗೆ ಕೀ ಅಗಲವಾಗುವ ಮೆಟ್ಟಿಲಿಗೆ ಭುಜ ಅನ್ನುತ್ತಾರೆ. ಬೀಗದ ಬಾಯಿಗೆ ತಾಗಿ ನಿಲ್ಲುವುದು ಅದೇ. ಯಂತ್ರದಲ್ಲಿ ಎರಡು ಕೀಗಳನ್ನು ಹೊಂದಿಸಿ ಇಡುವುದೂ ಅದರ ಲೆಕ್ಕದಲ್ಲೇ. ಅದು ಕೂದಲೆಳೆಯಷ್ಟು ಜರುಗಿದರೆ ಐದೂ ಕಚ್ಚುಗಳು ಒಟ್ಟಿಗೆ ಜರುಗುತ್ತವೆ. ನನ್ನ ಹೊಸ ಕೀಯನ್ನು ಪೂರ್ತಿ ತೂರಿಸಿ, ಒಂಚೂರು ಹೊರಗೆ ಎಳೆದು, ಮೇಲಕ್ಕೆ ಒತ್ತಿ, ಆಮೇಲೆ ತಿರುಗಿಸಿದರೆ ಮಾತ್ರ ತೆರೆಯುತ್ತಿತ್ತು. ‘ಅದಕ್ಕೊಂದು ವರಸೆ ಇದೆ’ ಅಂತ ಮನೆಯವರಿಗೆಲ್ಲ ಪಾಠ ಮಾಡಿದ್ದೆ, ಏನೋ ವಿದ್ಯೆ ಕಲಿಸುವವನ ಹಾಗೆ. ನಿಮ್ಮ ಕೀಗೂ ಇಂಥ ವರಸೆ ಬೇಕಾಗುತ್ತಿದ್ದರೆ ಅದನ್ನು ಇವತ್ತೇ ಬದಿಗಿಡಿ. ಬೀಗ ಹಳೆಯದಾಯಿತು ಅಂದುಕೊಳ್ಳುತ್ತೇವೆ, ಆದರೆ ಬಹಳ ಸಲ ಕೀಯ ಅಳತೆಯೇ ತಪ್ಪಿರುತ್ತದೆ. ಪರೀಕ್ಷೆ ಸುಲಭ. ಹಳೆಯ ಅಸಲಿ ಕೀ ಹಾಕಿ ನೋಡಿ. ಅದು ಸರಾಗವಾಗಿ ತಿರುಗಿದರೆ ಬೀಗ ಚೆನ್ನಾಗಿದೆ.

ನಾನು ಮಾಡಿದ್ದೇನು? ಬಿಗಿಯಾಗಿದೆ ಅಂತ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಅರದ ಹಿತ್ತಾಳೆ ಪುಡಿ, ಧೂಳು, ಎಣ್ಣೆ ಎಲ್ಲ ಸೇರಿ ಒಳಗೆ ಕಪ್ಪು ಲೇಪವಾಯಿತು. ಇಂಥ ಬೀಗಕ್ಕೆ ಗ್ರಾಫೈಟ್ ಪುಡಿ ಇಲ್ಲವೇ ಟೆಫ್ಲಾನ್ ಇರುವ ಒಣ ಸ್ಪ್ರೇ ಒಳ್ಳೆಯದು, ಧೂಳು ಅಷ್ಟಾಗಿ ಅಂಟುವುದಿಲ್ಲ.

ನಡುವೆ ಇನ್ನೊಂದು ಸಾಹಸವೂ ಆಯಿತು. ಬೇರೆ ಬ್ಲ್ಯಾಂಕ್ ತಂದು ಮತ್ತೆ ಕೊರೆಸೋಣ ಅಂತ ಆನ್‌ಲೈನ್‌ನಲ್ಲಿ ಚಿತ್ರ ನೋಡಿ ಹತ್ತರ ಒಂದು ಕಟ್ಟು ತರಿಸಿದೆ. ‘ಎಲ್ಲ ಪ್ಯಾಡ್‌ಲಾಕ್‌ಗೂ ಹೊಂದುತ್ತದೆ’ ಅಂತ ಬರೆದಿತ್ತು. ಆ ಸಾಲು ಕಂಡರೆ ಅಲ್ಲಿಂದ ಓಡಿ. ಬಂದದ್ದು ನಾಲ್ಕು ಪಿನ್ ಬೀಗಕ್ಕೆ ಆಗುವ ಗಿಡ್ಡ ಬ್ಲ್ಯಾಂಕ್. ಗೀರುಗಳು ಬೇರೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು. ಬೀಗದ ಮೇಲಿನ ಕಂಪನಿ ಹೆಸರು ನೋಡಿ ತರಿಸಿದರೂ ಸಾಲದು, ಒಂದೇ ಕಂಪನಿ ಹಲವು ಆಕಾರದ ಬಾಯಿಯ ಬೀಗಗಳನ್ನು ಮಾಡುತ್ತದೆ. ಸಿಲ್ಕಾ, ಇಲ್ಕೋ, ಜೆಎಂಎ ಥರದ ಬ್ಲ್ಯಾಂಕ್ ತಯಾರಕರು ಒಂದೇ ಆಕಾರಕ್ಕೆ ತಮ್ಮ ತಮ್ಮದೇ ನಂಬರ್ ಕೊಡುತ್ತಾರೆ. ಯಾರ ನಂಬರ್ ಯಾರದ್ದಕ್ಕೆ ಸಮ ಅನ್ನುವ ಪಟ್ಟಿಗಳಿವೆ. ಅನುಭವ ಇರುವ ಕೀ ಕೆಲಸದವರು ಅದನ್ನು ತೆಗೆದು ನೋಡುತ್ತಾರೆ. ಕಣ್ಣಂದಾಜಿನಲ್ಲಿ ಮುಗಿಸುವವರಿಗಿಂತ ಪಟ್ಟಿ ನೋಡುವವರ ಮೇಲೆ ನನಗೆ ಈಗ ನಂಬಿಕೆ ಜಾಸ್ತಿ.

‘ಇದು ಯಾವ ಬ್ಲ್ಯಾಂಕ್?’ ಅಂತ ಕೇಳಲು ಕೀಯ ಫೋಟೋವನ್ನು ನಾಲ್ಕು ಜನರಿರುವ ಕಡೆ ಹಾಕಿದ್ದೆ. ಅದೂ ದಡ್ಡತನವೇ. ಹಲ್ಲು ಕಾಣುವ ಫೋಟೋ ಇದ್ದರೆ ಕೀಯ ಅಳತೆ ತೆಗೆಯಬಹುದು. 2008ರಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 60 ಮೀಟರ್ ದೂರದಿಂದ ತೆಗೆದ ಫೋಟೋದಿಂದಲೇ ಇದನ್ನು ಮಾಡಿ ತೋರಿಸಿದ್ದಾರೆ. ಕೇಳಲೇಬೇಕಿದ್ದರೆ ಹಲ್ಲು ಮುಚ್ಚಿ, ತುದಿಯನ್ನು ನೇರವಾಗಿ ತೋರಿಸುವ ಫೋಟೋ ಹಾಕಿ. ಬ್ಲ್ಯಾಂಕ್ ಗುರುತಿಸಲು ಬೇಕಾದದ್ದೂ ಅದೇ ಅಲ್ವಾ?

ಕೊನೆಗೆ ಆ ದಿನ ಬಂತು. ಎಂದಿನ ವರಸೆ ಹಾಕಿ ತಿರುಗಿಸಿದೆ. ಅರ್ಧ ತಿರುಗಿ ನಿಂತಿತು. ಸ್ವಲ್ಪ ಜೋರು ಮಾಡಿದೆ. ಟಕ್. ತಲೆ ನನ್ನ ಕೈಯಲ್ಲಿ, ಉಳಿದದ್ದು ಬೀಗದೊಳಗೆ. ತುಂಡಾದದ್ದು ಎಲ್ಲಿ ಅಂದುಕೊಂಡಿರಿ? ಅರ ಉಜ್ಜಿ ಬಡಕಲಾಗಿದ್ದ ಆ ಆಳದ ಕಚ್ಚಿನಲ್ಲೇ.

ಅಲ್ಲಿಗಾದರೂ ಸುಮ್ನೆ ಇದ್ದಿದ್ದರೆ ಬೀಗ ಉಳಿಯುತ್ತಿತ್ತು. ಗಾಬರಿಯಲ್ಲಿ ಕೈಯಲ್ಲಿದ್ದ ತುಂಡನ್ನು ಮತ್ತೆ ತೂರಿಸಿದೆ, ಒಳಗಿನದು ಇನ್ನೂ ಆಳಕ್ಕೆ ಹೋಯಿತು. ಕಡ್ಡಿಗೆ ಅಂಟು ಹಚ್ಚಿ ಅಂಟಿಸಿ ಎಳೆ ಅಂತ ಯಾರೋ ಹೇಳಿದರು. ಹಚ್ಚಿದೆ. ಅಂಟು ಕಡ್ಡಿಗೆ ಹಿಡಿಯದೆ ಉರುಳೆಗೇ ಹಿಡಿದುಕೊಂಡಿತು. ಬಂದು ನೋಡಿದ ಬೀಗ ರಿಪೇರಿಯವರು ಮೂಸಿ ನೋಡಿ ತಲೆ ಅಲ್ಲಾಡಿಸಿದರು. ಉರುಳೆ ಅರ್ಧ ತಿರುಗಿ ನಿಂತಾಗ ಪಿನ್‌ಗಳು ಕೀ ತುಂಡನ್ನು ಕಚ್ಚಿ ಹಿಡಿದಿರುತ್ತವಂತೆ. ಮೊದಲು ಉರುಳೆಯನ್ನು ಮೊದಲಿನ ಜಾಗಕ್ಕೆ ತಿರುಗಿಸಬೇಕು, ಆಮೇಲೆ ಸಣ್ಣ ಕೊಕ್ಕೆ ಹಾಕಿ ಹಲ್ಲಿಗೆ ಸಿಕ್ಕಿಸಿ ಎಳೆದರೆ ಬರುತ್ತಿತ್ತು. ಅಂಟು ಹಾಕಿದ ಮೇಲೆ ಉರುಳೆ ಎಲ್ಲಿ ತಿರುಗಬೇಕು? ಕೊಂಡಿ ಗಟ್ಟಿ ಮಾಡಿದ ಉಕ್ಕಿನದು. ಗರಗಸದ ಬ್ಲೇಡ್ ಹಲ್ಲು ಕಳೆದುಕೊಂಡಿತೇ ಹೊರತು ಕೊಂಡಿಗೆ ಗೀರೂ ಬೀಳಲಿಲ್ಲ. ಗ್ರೈಂಡರ್ ಬಂದದ್ದು ಹಾಗೆ.

ಅಸಲಿ ಕೀ ಎಲ್ಲಿತ್ತು ಅಂತ ಕೇಳುತ್ತೀರಿ, ಗೊತ್ತು. ಭದ್ರವಾಗಿರಲಿ ಅಂತ ಅದನ್ನು ತಗಡಿನ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಅದೇ ಕೋಣೆಯ ಒಳಗೆ ಇಟ್ಟಿದ್ದೆ.

ಹೊಟ್ಟೆ ಉರಿಸಿದ್ದು ಆ ಡಬ್ಬಿಯಲ್ಲಿ ಸಿಕ್ಕ ಇನ್ನೊಂದು ವಸ್ತು. ಬೀಗದ ಜೊತೆ ಬಂದಿದ್ದ ಸಣ್ಣ ತಗಡಿನ ಬಿಲ್ಲೆ, ಅದರ ಮೇಲೆ ಒಂದು ನಂಬರ್. ಅದು ಕೀ ಕೋಡ್. ಅದಿದ್ದರೆ ಸವೆದ ಕೀಯ ಹಂಗೇ ಬೇಡ. ಕೋಡ್ ಪ್ರಕಾರ ಕೊರೆದರೆ ಕಾರ್ಖಾನೆಯ ಅಳತೆಯ ಹೊಸ ಕೀ ಬರುತ್ತದೆ. ಕೆಲವು ಬೀಗಗಳಲ್ಲಿ ಕೋಡ್ ಕೀಯ ತಲೆಯ ಮೇಲೇ ಇರುತ್ತದೆ. ಆದರೆ ತಲೆಯ ಮೇಲಿನ ಪ್ರತಿ ನಂಬರೂ ಕೋಡ್ ಅಲ್ಲ, ಕೆಲವದು ಬ್ಲ್ಯಾಂಕಿನ ನಂಬರ್. ಕೋಡನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಕೀ ಗೊಂಚಲಿಗೆ ಮಾತ್ರ ಕಟ್ಟಬೇಡಿ, ಅದು ಕಳೆದವರಿಗೂ ಸಿಕ್ಕವರಿಗೂ ಒಂದೇ ಸಹಾಯ ಮಾಡುತ್ತದೆ.

ಈಗ ಹೊಸ ಬೀಗ ತಂದಿದ್ದೇನೆ. ಡೂಪ್ಲಿಕೇಟ್ ಮಾಡಿಸಿದ್ದು ಮೊದಲ ವಾರವೇ, ಬಳಸದೆ ಇಟ್ಟ ಅಸಲಿ ಕೀಯಿಂದ. ಬೀಗವನ್ನೂ ಒಯ್ದಿದ್ದೆ. ಕೊರೆಯುವ ಮೊದಲು ಖಾಲಿ ಬ್ಲ್ಯಾಂಕನ್ನೇ ಬಾಯಿಗೆ ಹಾಕಿಸಿ ನೋಡಿದೆ. ಒತ್ತದೆ ಭುಜದವರೆಗೆ ಹೋಗಬೇಕು, ಎಡಬಲ ಓಲಾಡಬಾರದು. ಬಣ್ಣದ ಅಲ್ಯೂಮಿನಿಯಂ ಬ್ಲ್ಯಾಂಕ್ ಬೇಡ ಅಂದೆ, ಅದು ಮೆದು, ಬೇಗ ಬಾಗುತ್ತದೆ. ಉಕ್ಕಿನದು ಗಟ್ಟಿ ನಿಜ, ಆದರೆ ಹಿತ್ತಾಳೆ ಪಿನ್‌ಗಳನ್ನು ಸವೆಸುತ್ತದೆ. ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಉಕ್ಕು ಅಂತ ತಿಳಿಯಿರಿ. ನಾನು ಆರಿಸಿದ್ದು ನಿಕ್ಕಲ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿ ಇದೆ, ಒಳಗೆ ಇರುವುದು ತಾಮ್ರ, ನಿಕ್ಕಲ್, ಸತು ಅಷ್ಟೇ. ಕೊರೆದ ಮೇಲೆ ಅಂಚಿನ ಚೂರುಗಳನ್ನು ಬ್ರಷ್ ಹಿಡಿದು ತೆಗೆಸಿದೆ. ಆಮೇಲೆ ಬೀಗವನ್ನು ಕೈಯಲ್ಲೇ ಹಿಡಿದು ಹತ್ತು ಸಲ ಹಾಕಿ ತೆಗೆದೆ. ಬಾಗಿಲಿಗೆ ಹಾಕಿ ಪರೀಕ್ಷೆ ಮಾಡುವ ಧೈರ್ಯ ಇನ್ನು ಈ ಜನ್ಮಕ್ಕಿಲ್ಲ.

ಪಿನ್ ಬದಲು ಒಳಗೆ ಲೋಹದ ಪಟ್ಟಿಗಳಿರುವ ಲಿವರ್ ಬೀಗ, ಮೈಮೇಲೆ ಗುಳಿಗಳಿರುವ ಡಿಂಪಲ್ ಕೀ, ಅಬ್ಲಾಯ್ ಕಂಪನಿಯದರ ಥರ ಒಳಗೆ ಬಿಲ್ಲೆಗಳಿರುವ ಡಿಸ್ಕ್ ಬೀಗ ನಿಮ್ಮದಾಗಿದ್ದರೆ, ಅದಕ್ಕೆ ತಕ್ಕ ಯಂತ್ರ ಇದೆಯೇ ಅಂತ ಮೊದಲೇ ಕೇಳಿ. ಈ ಮಾಮೂಲಿ ಯಂತ್ರದಲ್ಲಿ ಡಿಂಪಲ್, ಡಿಸ್ಕ್ ಕೀಗಳು ಆಗುವುದಿಲ್ಲ.

ಆನ್‌ಲೈನ್‌ನಲ್ಲಿ ತರಿಸಿದ ಆ ಹತ್ತು ಬ್ಲ್ಯಾಂಕ್‌ಗಳು ಈಗಲೂ ತಗಡಿನ ಡಬ್ಬಿಯಲ್ಲಿವೆ. ಹೊಸ ಬೀಗಕ್ಕೂ ಹಾಕಿ ನೋಡಿದೆ. ಹೋಗಲಿಲ್ಲ.