ಹೊಸ ಹೆಸರೋ, ಹರಾಜಿನ ಹೆಸರೋ: ಚಿಕ್ಕಮಗಳೂರಿನಿಂದ ಡೊಮೇನ್ ವ್ಯಾಪಾರ

ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಕೊಂಡು ಮಾರುವವರಿಗೆ ಮುಖ್ಯವಾಗಿ ಎರಡು ದಾರಿ ಇವೆ. ಯಾರೂ ತೆಗೆದುಕೊಳ್ಳದ ಹೆಸರನ್ನು ಹೊಸದಾಗಿ ನೋಂದಾಯಿಸುವುದು ಒಂದು. ಹಳೆ ಮಾಲೀಕರು ರಿನ್ಯೂ ಮಾಡದೆ ಬಿಟ್ಟ ಹೆಸರನ್ನು ಹರಾಜಿನಲ್ಲಿ ಹಿಡಿಯುವುದು ಇನ್ನೊಂದು. ಚಿಕ್ಕಮಗಳೂರಿನಲ್ಲಿ ಕೂತು ಎರಡನ್ನೂ ಮಾಡಿ ನೋಡಿದ್ದೇನೆ. ನಮ್ಮಂಥ ಊರಿನವರಿಗೆ ಹೊಸ ಹೆಸರೇ ಸರಿ. ಆದರೆ ಅದನ್ನು ಯಾರು ಕೊಳ್ಳುತ್ತಾರೆ ಅನ್ನೋದು ಮೊದಲೇ ಗೊತ್ತಿರಬೇಕು.

ಹರಾಜಿನ ಆಸೆ ದೊಡ್ಡದು. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರ್‌ಗೆ ಮಾರಾಟವಾಯಿತು. ಅಂಥ ಸುದ್ದಿ ಓದಿದರೆ ಯಾರಿಗೆ ಕೈ ತುರಿಸಲ್ಲ ಹೇಳಿ! ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೂ ಅದು ತಕ್ಷಣ ಬಿಡುಗಡೆ ಆಗುವುದಿಲ್ಲ. ರಿನ್ಯೂ ಮಾಡಲು ರಿಜಿಸ್ಟ್ರಾರ್ (ಹೆಸರು ನೋಂದಾಯಿಸಿ ಕೊಡುವ ಕಂಪನಿ) ಕೊಡುವ ಕಾಲಾವಕಾಶ 45 ದಿನದವರೆಗೆ ಇರಬಹುದು. ಆಮೇಲೆ ಹಳೆ ಮಾಲೀಕರು ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ಕೊನೆಗೆ ಅಳಿಸುವ ಮುಂಚಿನ 5 ದಿನ. ಒಳ್ಳೆಯ ಹೆಸರುಗಳು ಅಲ್ಲಿಯವರೆಗೆ ಉಳಿಯುವುದೇ ಕಮ್ಮಿ, ಅಷ್ಟರೊಳಗೇ ಹರಾಜಿಗೆ ಬಂದುಬಿಡುತ್ತವೆ. ಅಲ್ಲಿ ನಾವು ಬಿಡ್ ಹಾಕುವುದು ಜಗತ್ತಿನ ದೊಡ್ಡ ವ್ಯಾಪಾರಿಗಳ ಎದುರು, ಅದೂ ಡಾಲರ್‌ನಲ್ಲಿ. ಗೆದ್ದ ಹೆಸರಿನ ಹಿಂದಿನ ಬದುಕೂ ನಮ್ಮ ಜೊತೆ ಬರುತ್ತದೆ. ಹಳೆ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್ ಎಂಬ ಸೈಟಿನಲ್ಲಿ ಆ ಹೆಸರಿನ ಹಳೆ ಪುಟಗಳನ್ನು ನೋಡದೆ ಒಂದು ರೂಪಾಯಿಯನ್ನೂ ಹಾಕಬೇಡಿ. ನೋಡೋಕೆ ಚೆಂದದ ಹೆಸರು, ತೆಗೆದರೆ ಒಳಗೆ ಜೂಜಿನ ಸೈಟು ನಡೆದಿರುತ್ತದೆ.

ಹೊಸ ಹೆಸರಿನಲ್ಲಿ ನಮಗಿರುವ ಬಲ ಊರಿನ ಪರಿಚಯ. ಮೂಡಿಗೆರೆ, ಸಕಲೇಶಪುರದ ಕಡೆ ಹೋಮ್‌ಸ್ಟೇಗೆ, ಕಾಫಿ ಪುಡಿಗೆ, ಕಾಳುಮೆಣಸಿಗೆ ಯಾವ ಹೆಸರು ಒಪ್ಪುತ್ತದೆ ಅನ್ನೋದು ದೂರದಲ್ಲಿ ಕೂತವರಿಗೆ ಹೊಳೆಯುವುದಿಲ್ಲ. ನಮ್ಮ ಊರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಬೋರ್ಡುಗಳಲ್ಲಿ ಹಳೆಯದೂ ಇದೆ, ಹೊಸದೂ ಇದೆ. ಹಾಗಾಗಿ ಊರಿನ ಹೆಸರು ಸೇರಿಸಿದರೆ ಎರಡೂ ಕಾಗುಣಿತ ಹಿಡಿಯಬೇಕು, ಖರ್ಚು ಎರಡಾಗುತ್ತದೆ. ಬೆಟ್ಟದ್ದೋ ಹಳ್ಳದ್ದೋ ಚಿಕ್ಕ ಹೆಸರು ಜೋಡಿಸಿದರೆ ಈ ತಾಪತ್ರಯ ಇಲ್ಲ.

ಡಾಟ್ ಇನ್ ಬೇಕೋ, ಡಾಟ್ ಕಾಮ್ ಬೇಕೋ? ಹೋಮ್‌ಸ್ಟೇಗೆ ಡಾಟ್ ಇನ್ ಧಾರಾಳವಾಗಿ ಸಾಕು. ಹೊರದೇಶಕ್ಕೆ ಕಾಫಿ ಕಳಿಸುವವರು ಮಾತ್ರ ಡಾಟ್ ಕಾಮ್ ಕೇಳುತ್ತಾರೆ, ಕೇಳಬೇಕಾದದ್ದೇ. ಯಾವುದೇ ಆಗಲಿ, ಮೊದಲ ವರ್ಷದ ಆಫರ್ ದರ ನೋಡಬೇಡಿ. ಎರಡನೇ ವರ್ಷದ ದರ ನೋಡಿ, ಅದರ ಮೇಲೆ 18% ಜಿಎಸ್‌ಟಿ ಸೇರಿಸಿ. ಕನ್ನಡ ಅಕ್ಷರದ ಡಾಟ್ ಭಾರತ ನನಗೆ ತುಂಬಾ ಇಷ್ಟ. ಆದರೆ ನನ್ನ ಹತ್ತಿರ ಇನ್ನೂ ಯಾರೂ ಕೇಳಿಲ್ಲ.

ಮಾರುವಾಗ ವ್ಯತ್ಯಾಸ ಇನ್ನೂ ಜಾಸ್ತಿ. ಹರಾಜಿನ ಹೆಸರನ್ನು ಮಾರುಕಟ್ಟೆ ಸೈಟಿನಲ್ಲಿಟ್ಟು ಕಾಯಬೇಕು, ಮಾರಿದ ಮೇಲೆ ಕಮಿಷನ್ ಕೊಡಬೇಕು. ಊರಿನ ಹೆಸರಾದರೆ ಎದುರು ಕೂತು ಮಾತಾಡಬಹುದು. ಕಾಫಿ ಕೊಯ್ಲಿನ ಸಮಯದಲ್ಲಿ ಮಾತ್ರ ತೋಟದವರಿಗೆ ಫೋನ್ ಮಾಡಬೇಡಿ. ಮಾರ್ಚ್‌ನಲ್ಲಿ, ಬೇಸಿಗೆ ರಜೆಗೆ ಮುಂಚೆ ಮಾಡಿ. ‘ಇದನ್ನ ತಗೊಂಡ್ರೆ ಬುಕಿಂಗ್ ಬರುತ್ತಾ?’ ಅಂತ ಕೇಳೇ ಕೇಳುತ್ತಾರೆ. ‘ಹೆಸರೊಂದರಿಂದಲೇ ಬರಲ್ಲ ಸಾರ್, ಸೈಟೂ ಚೆನ್ನಾಗಿ ಮಾಡಿಸ್ಬೇಕು’ ಅಂತ ನೇರವಾಗಿ ಹೇಳುತ್ತೇನೆ. ಹಾಗೆ ಹೇಳಿದ ಕಡೆಯೇ ಮಾತು ಮುಂದುವರಿದಿದೆ.

ಹೊಸದಾಗಿ ನೋಂದಾಯಿಸಿದ ಡಾಟ್ ಕಾಮ್ ಅನ್ನು ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಆಗುವುದಿಲ್ಲ. ಅದೇ ರಿಜಿಸ್ಟ್ರಾರ್‌ನಲ್ಲಿ ಕೊಳ್ಳುವವರ ಹೆಸರಲ್ಲಿ ಖಾತೆ ತೆರೆಸಿ, ಅಲ್ಲಿಗೇ ಹೆಸರನ್ನು ವರ್ಗಾಯಿಸಿ. ಪರಿಚಯ ಇಲ್ಲದವರಾದರೆ ಎಸ್ಕ್ರೋ ಮೂಲಕವೇ, ಅಂದರೆ ಹೆಸರು ಕೈ ಸೇರುವವರೆಗೆ ಹಣ ಇಟ್ಟುಕೊಳ್ಳುವ ಮಧ್ಯವರ್ತಿ ಸೇವೆಯ ಮೂಲಕವೇ ಹಣ ಪಡೆಯಿರಿ.

ಈಗಾಗಲೇ ನಡೆಯುತ್ತಿರುವ ಎಸ್ಟೇಟಿನ ಹೆಸರನ್ನೇ ಹಿಡಿದಿಟ್ಟು ಅವರಿಗೇ ಮಾರಲು ಹೋಗುವುದನ್ನು ನಾನು ವ್ಯಾಪಾರ ಅನ್ನುವುದಿಲ್ಲ. ಅದು ಅವರ ಟ್ರೇಡ್‌ಮಾರ್ಕ್ ಆಗಿದ್ದರೆ ದೂರು ಕೊಡಲು ಡಾಟ್ ಕಾಮ್‌ಗೆ ಯುಡಿಆರ್‌ಪಿ ಎಂಬ ವಿವಾದ ಬಗೆಹರಿಸುವ ನಿಯಮ ಇದೆ, ಡಾಟ್ ಇನ್‌ಗೆ ಅಂಥದ್ದೇ ಐಎನ್‌ಡಿಆರ್‌ಪಿ ಇದೆ. ದುರುದ್ದೇಶ ಸಾಬೀತಾದರೆ ಹೆಸರು ಅವರ ಪಾಲಾಗುತ್ತದೆ, ನಿಮಗೆ ಒಂದು ಪೈಸೆಯೂ ಸಿಗುವುದಿಲ್ಲ.