ಪರದೇಶದಲ್ಲಿ ಯುಗಾದಿ: ರೂಮಲ್ಲೋ, ಸಂಘದಲ್ಲೋ, ಫೋನಲ್ಲೋ?

ಜರ್ಮನಿಗೆ ಓದಲು ಹೊರಟಿರುವ ಚಿಂತಾಮಣಿಯ ಹುಡುಗಿ ಕೇಳಿದಳು: "ಅಕ್ಕಾ, ಅಲ್ಲಿ ಯುಗಾದಿ ಹೆಂಗೆ ಮಾಡೋದು?" ಮೂರು ದಾರಿಯನ್ನೂ ನಾನು ನೋಡಿದ್ದೇನೆ.

ಮೊದಲು ದಿನದ ಮಾತು. 2027ರಲ್ಲಿ ಹಬ್ಬ ಏಪ್ರಿಲ್ 7, ಬುಧವಾರ. ಅಲ್ಲಿ ರಜೆಯಿಲ್ಲ. ಕನ್ನಡ ಸಂಘದವರು ಸಾಮಾನ್ಯವಾಗಿ ವಾರಾಂತ್ಯಕ್ಕೆ ಇಟ್ಟುಕೊಳ್ಳುತ್ತಾರೆ. ಹಬ್ಬದ ದಿನವೇ ಎಣ್ಣೆಸ್ನಾನ, ಬೇವುಬೆಲ್ಲ ಆಗಬೇಕೆಂದರೆ ರೂಮೇ ಗತಿ.

ಖರ್ಚಿನಲ್ಲೂ ರೂಮು ವಾಸಿ. ಬೇಳೆ, ಬೆಲ್ಲ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತವೆ, ನಾಲ್ವರು ಹಂಚಿಕೊಂಡರೆ ಭಾರವಲ್ಲ. ಸಂಘಕ್ಕಾದರೆ ಟಿಕೆಟ್ಟು, ಮೇಲೆ ರೈಲು. ಆದರೆ ಒಬ್ಬಟ್ಟು ತಟ್ಟಲು ಬರಬೇಕಲ್ಲ! ನನ್ನದು ಹರಿದು, ಹೂರಣ ಹಂಚಿಗಂಟಿ, ಕೊನೆಗೆ ಉಳಿದದ್ದು ಒಬ್ಬಟ್ಟಿನ ಸಾರೊಂದೇ. (ಸಾರು ಮಾತ್ರ ಅಮ್ಮನದ್ದಕ್ಕೆ ಹತ್ತಿರವಿತ್ತು.) ಹಾಸ್ಟೆಲಿನಲ್ಲಿ ಕರ್ಪೂರ ಹಚ್ಚಲೇಬೇಡ, ಹೊಗೆಯ ಅಲಾರಂ ಕೂಗಿದರೆ ಇಡೀ ಕಟ್ಟಡ ಬೀದಿಗಿಳಿಯುತ್ತದೆ. ಊರಿಂದ ಹಸಿ ಬೇವಿನ ಸೊಪ್ಪು ಒಯ್ಯುವ ಆಸೆಯೂ ಬೇಡ. 2019ರ ಡಿಸೆಂಬರಿನಿಂದ ಯುರೋಪ್ ಒಕ್ಕೂಟ ಅದಕ್ಕೆಲ್ಲ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತದೆ.

ಹೊಸಬಳಾಗಿ, ಪರಿಚಯದವರಿಲ್ಲದೆ ಹೋದವಳಿಗೆ ಸಂಘವೇ ಸರಿ. ಬಾಳೆಲೆಯ ಊಟಕ್ಕಿಂತ, ಕೋಲಾರದ ಕಡೆಯ ತೆಲುಗು ಬೆರೆತ ಕನ್ನಡ ಕಿವಿಗೆ ಬಿದ್ದರೆ ಅದೇ ದೊಡ್ಡದು.

ಪರೀಕ್ಷೆ ಹತ್ತಿರವಿದ್ದರೆ ವಿಡಿಯೋ ಕಾಲ್ ಸಾಕು. ಏಪ್ರಿಲಲ್ಲಿ ಮೂರೂವರೆ ಗಂಟೆ ವ್ಯತ್ಯಾಸ: ಮನೆಯಲ್ಲಿ ಎಂಟೂವರೆಗೆ ಪೂಜೆಯಾದರೆ ನಿನಗಿನ್ನೂ ಬೆಳಗಿನ ಐದು. ಖರ್ಚಿಲ್ಲ, ಹೊಟ್ಟೆಗೂ ಏನಿಲ್ಲ.

ಮಾರನೆಯ ದಿನದ ಹೊಸತೊಡಕಿಗೆ ಈ ಗೊಂದಲವಿಲ್ಲ. ಕೋಳಿ ಎಲ್ಲ ಕಡೆಯೂ ಸಿಗುತ್ತದೆ, ಮಸಾಲೆಪುಡಿ ಮಾತ್ರ ಮನೆಯಿಂದ ಕಟ್ಟಿಸಿಕೊಂಡು ಹೋಗು.